ಗೊಗ್ಗರನ ತುಟಿ

ಸೆಪ್ಟೆಂಬರ್ 3

ಓದುತ್ತಿದ್ದೀಯಲ್ಲ, ನಾಚಿಕೆ ಎಂಬುದು ಇದೆಯೇ ನಿನಗೆ? ಮೊನ್ನೆಯ ಪುಟದಲ್ಲಿ ಬಿಸ್ಕತ್ತಿನ ಪುಡಿ. ನಾನು ಬಿಸ್ಕತ್ತು ತಿನ್ನುವವಳಲ್ಲ, ಹಲ್ಲು ಎಲ್ಲಿದೆ. ಮಗನಿಗೆ ಪೇಪರು ಓದಲೇ ಪುರುಸೊತ್ತಿಲ್ಲ. ಸೊಸೆ ನನ್ನ ಕೋಣೆಗೆ ಬಂದರೆ ಕಿಟಕಿ ತೆಗೆದು ಮೂಗು ಹಿಡಿದುಕೊಂಡು ಹೋಗುತ್ತಾಳೆ. ಉಳಿದವಳು ಒಬ್ಬಳೇ. ನನ್ನ ಮೊಮ್ಮಗಳು, ಕಳ್ಳಬೆಕ್ಕು. ಇಪ್ಪತ್ತೆರಡು ತುಂಬಿತು. ಕನ್ನಡಕದ ಅಂಗಡಿಯಲ್ಲಿ ಕೆಲಸ. ಊರವರ ಕಣ್ಣೆಲ್ಲ ಸರಿಮಾಡುತ್ತಾಳಂತೆ, ತನ್ನ ಕಣ್ಣು ಮಾತ್ರ ಅಜ್ಜಿಯ ಹಾಸಿಗೆಯ ಅಡಿಯಲ್ಲಿ. ಓದಲೇಬೇಕಾದರೆ ಕೈ ತೊಳೆದುಕೊಂಡು ಓದು.

ಇಲ್ಲಿ ಏನೂ ಇಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಡಿಸಿದರು. ಆಮೇಲೆ ಬಟ್ಟೆ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ಮಗ್ಗ ನಡೆಸಿದೆ. ಶಿಫ್ಟು ಬಿಡುವಾಗ ಮಗ್ಗದ ಪುಸ್ತಕದಲ್ಲಿ ಒಂದು ಸಾಲು ಬರೆಯಬೇಕಿತ್ತು — ಎಷ್ಟು ಸಲ ನಿಂತಿತು, ಎಷ್ಟು ಎಳೆ ಕಡಿಯಿತು. ಮಿಲ್ಲು ಬಿಟ್ಟರೂ ಚಟ ಬಿಡಲಿಲ್ಲ. ಅಷ್ಟಕ್ಕೇ ಬರೆಯುವುದು. ನಿನಗಾಗಿ ಅಲ್ಲ.

ಎಳೆ ಕಡಿದದ್ದು: ಒಂದು. ಸೊಸೆಯ ಜೊತೆ, ಬಚ್ಚಲಿನ ಬಕೆಟ್ಟಿನ ವಿಷಯಕ್ಕೆ.

ಸೆಪ್ಟೆಂಬರ್ 5

ಆಸ್ಪತ್ರೆಗೆ ಹೋಗಿದ್ದೆ. ಎರಡನೇ ಮಹಡಿ, ಕಿಟಕಿ ಪಕ್ಕದ ಮಂಚ. ಕಡ್ಡಿ ಅಲ್ಲಿದ್ದಾಳೆ.

ಕಡ್ಡಿ ನನ್ನ ಪಕ್ಕದ ಮಗ್ಗದವಳು. ಆಗಲೂ ಕಡ್ಡಿ, ಈಗ ಕಡ್ಡಿಯ ನೆರಳು. ಆರು ತಿಂಗಳ ಹಿಂದೆ ಗಂಟಲು ಕೊಯ್ದು ದನಿಯ ಪೆಟ್ಟಿಗೆಯನ್ನೇ ತೆಗೆದರು. ಕೊರಳಲ್ಲಿ ಒಂದು ತೂತು, ಅದರ ಮೇಲೆ ಬಿಳಿ ಬಟ್ಟೆ. ಮಗಳು ಶಾಲೆಯ ಟೀಚರು, ತಾಯಿಗೆ ಸ್ಲೇಟು ಕೊಟ್ಟಿದ್ದಾಳೆ. ಕಡ್ಡಿ ನರ್ಸುಗಳಿಗೆ ಸ್ಲೇಟಿನಲ್ಲಿ ಬರೆದು ತೋರಿಸುತ್ತಾಳೆ. ನನಗೆ ಬೇಡ. ಅವಳು ತುಟಿ ಆಡಿಸಿದರೆ ಸಾಕು.

ಮಿಲ್ಲಿನ ಹೆಂಗಸರೆಲ್ಲ ಹೀಗೆಯೇ. ಇನ್ನೂರು ಮಗ್ಗ ಒಟ್ಟಿಗೆ ಬಡಿಯುವ ಶೆಡ್ಡಿನಲ್ಲಿ ಕೂಗಿದರೆ ಯಾರಿಗೆ ಕೇಳುತ್ತದೆ. ಮೊದಲ ವರ್ಷ ತುಟಿ ಓದುವುದು ಬಂತು, ಹತ್ತನೇ ವರ್ಷಕ್ಕೆ ಕಿವಿ ಹೋಯಿತು. ನನ್ನ ಕಿವಿಗೆ ಈಗ ಗುಡುಗು ಕೇಳುತ್ತದೆ, ಲಾರಿ ಕೇಳುತ್ತದೆ. ಮನುಷ್ಯರ ಮಾತು ಗೋಡೆಯಾಚೆಯ ನೊಣದ ಹಾಗೆ. ಮುಖ ತೋರಿಸಿ ಮಾತಾಡಿದರೆ ಎಲ್ಲವೂ ತಿಳಿಯುತ್ತದೆ. ಬೆನ್ನು ತಿರುಗಿಸಿ ಬೈದರೂ ಕನ್ನಡಿಯಲ್ಲಿ ತಿಳಿಯುತ್ತದೆ. ಸೊಸೆಗೆ ಇದು ಇನ್ನೂ ಗೊತ್ತಿಲ್ಲ.

ಇವತ್ತು ಕಡ್ಡಿಯ ಮೂಗಿಗೆ ಮೂಗು ತಾಗಿಸಿ ಕೂರಬೇಕಾಯಿತು. ಕನ್ನಡಕ ಮುರಿದಿದೆ. ಹಾಸಿಗೆ ಬದಲಾಯಿಸುವಾಗ ನರ್ಸು ಅದರ ಮೇಲೆ ಕೂತುಬಿಟ್ಟಳಂತೆ.

"ಬೈಲಿಲ್ವಾ ಅವಳನ್ನ?" ಎಂದೆ.

"ಬೈದೆ. ಸ್ಲೇಟು ತುಂಬ ಬರ್ದೆ. ಅವಳು ಓದೋಷ್ಟರಲ್ಲಿ ನನಗೆ ಸಿಟ್ಟೇ ಇಳಿದು ಹೋಯ್ತು."

ಕಳ್ಳಬೆಕ್ಕಿಗೆ ಹೇಳಿದ್ದೇನೆ. ಹೊಸ ಕನ್ನಡಕ ಮಾಡಿಸಿ ಕೊಡುತ್ತಾಳೆ. ನಂಬರು ದೊಡ್ಡದು, ಗಾಜು ಹೊರಗಿನಿಂದ ಬರಬೇಕು, ತಿಂಗಳು ಹಿಡಿಯುತ್ತದಂತೆ.

ಸೆಪ್ಟೆಂಬರ್ 11

ವಾರ್ಡಿನ ಹೊರಗೆ ಟೀಚರು ನನ್ನನ್ನು ತಡೆದು ನಿಲ್ಲಿಸಿದಳು. ಕಣ್ಣು ಕೆಂಪಗಿತ್ತು. ರೋಗ ಮತ್ತೆ ತಲೆ ಎತ್ತಿದೆಯಂತೆ, ಕೊರಳಿನ ಎಡಕ್ಕೆ. ಇನ್ನೊಂದು ಆಪರೇಷನ್ ಮಾಡಿದರೆ ಉಳಿದಾಳು, ಮಾಡದಿದ್ದರೆ ಐದಾರು ತಿಂಗಳು ಎಂದಿದ್ದಾರೆ ಡಾಕ್ಟರು.

"ಮಾಡಿಸೋಕೆ ಏನು ಅಡ್ಡಿ?"

"ಅವ್ವ ಬೇಡ ಅಂತಾಳೆ ಚಿಕ್ಕಮ್ಮ. ಟೇಬಲ್ ಮೇಲೇನೇ ಹೋಗೋ ಸಂಭವಾನೂ ಇದೆಯಂತೆ. ಅದನ್ನ ಡಾಕ್ಟರು ಅವಳ ಎದುರಿಗೇ ಹೇಳಿಬಿಟ್ರು. ನೀವಾದ್ರೂ ಹೇಳಿ. ನಿಮ್ಮ ಮಾತು ಕೇಳ್ತಾಳೆ."

ಕಡ್ಡಿ ನನ್ನ ಮಾತು ಕೇಳಿದ್ದು ಯಾವಾಗ. ಒಳಗೆ ಹೋಗಿ ಬೈದೆ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಮಿಲ್ಲಿನಲ್ಲಿ ಜಗಳವಾದರೆ ಹೀಗೆಯೇ ಮಾಡುತ್ತಿದ್ದೆವು. ಕಣ್ಣು ಬೇರೆ ಕಡೆ ಇಟ್ಟರೆ ಮಾತು ಮುಗಿಯಿತು, ಕಿವುಡರ ಜಗಳ.

ಹತ್ತು ನಿಮಿಷ ಬಿಟ್ಟು ತಿರುಗಿದಳು. "ಒಂದು ಸಲ ಕೊಯ್ಸಿಕೊಂಡು ದನಿ ಕೊಟ್ಟೆ. ಇನ್ನೊಂದು ಸಲ ಕೊಯ್ಸಿಕೊಂಡು ಏನು ಕೊಡ್ಲಿ? ಏನು ಉಳಿದಿದೆ?"

ಅವಳ ಹೊದಿಕೆ ಎಳೆದು ಸರಿಮಾಡಿ ಎದ್ದು ಬಂದೆ.

ಸೆಪ್ಟೆಂಬರ್ 18

ಕಳ್ಳಬೆಕ್ಕು ಅಂಗಡಿಯಿಂದ ಓಡಿ ಬಂದಳು. ಚಪ್ಪಲಿ ಸಹ ಬಿಡದೆ ನನ್ನ ಎದುರು ನಿಂತು, ಬಾಯಿ ಅಗಲಿಸಿ ಅಕ್ಷರ ಅಕ್ಷರವಾಗಿ ಹೇಳಿದಳು. ನಾನು ಕಲಿಸಿಕೊಟ್ಟದ್ದು ಹಾಗೆ.

"ಅಜ್ಜಿ. ನಿಮ್ಮ ಗೊಗ್ಗರ ಬರ್ತಿದಾನೆ. ನಮ್ಮ ಊರಿಗೆ. ಸ್ಟೇಡಿಯಮ್ಮಿಗೆ. ಕೊನೇ ಟೂರು."

ಗೊಗ್ಗರ. ಬ್ಯಾಂಡಿನ ಹಾಡುಗಾರ. ಅವನ ಗೊಗ್ಗರು ದನಿಗೆ ನಾವು ಮಿಲ್ಲಿನವರು ಇಟ್ಟ ಹೆಸರು. ಅವನಿಗೆ ಈಗ ಎಪ್ಪತ್ತು ಇರಬೇಕು. ಆಗ ಮೂವತ್ತೈದು, ಸೊಂಟದ ತನಕ ಕೂದಲು, ನಮಗಿಂತ ಉದ್ದ.

ಮಿಲ್ಲಿನಲ್ಲಿ ನಲವತ್ತು ದಿನ ಮುಷ್ಕರ ನಡೆದಿತ್ತು. ಇಪ್ಪತ್ತಾರನೆಯ ದಿನ ಐದು ಜನ ಲಾರಿಯ ಮೇಲೆ ಡ್ರಮ್ಮು ಗಿಟಾರು ಹೇರಿಕೊಂಡು ಗೇಟಿನ ಮುಂದೆ ಬಂದು ನಿಂತರು. ಯಾರು ಕರೆದರೋ ಗೊತ್ತಿಲ್ಲ. ಎರಡು ಹಾಡು ಆಗುವಷ್ಟರಲ್ಲಿ ಕರೆಂಟು ತೆಗೆಸಿದರು ಮಿಲ್ಲಿನ ಮಾಲೀಕರು. ಮೈಕು ಸತ್ತಿತು, ಗಿಟಾರು ಸತ್ತಿತು. ಡ್ರಮ್ಮಿನವನು ಮಾತ್ರ ಬಡಿಯುತ್ತಲೇ ಇದ್ದ. ಅದು ನಮಗೆ ಕಾಲಿನಿಂದ ಕೇಳುತ್ತಿತ್ತು, ಮಗ್ಗದ ಹಾಗೆ. ಗೊಗ್ಗರ ಲಾರಿಯ ಅಂಚಿಗೆ ಬಂದು ಬರಿಗಂಟಲಲ್ಲಿ ಹಾಡಿದ. ಬೀಗ ನಿಮ್ಮದು, ಬಾಗಿಲು ನಮ್ಮದು. ಹಿಂದಿನವರಿಗೆ ಕೇಳಿಸಲಿಲ್ಲ. ನಾನೂ ಕಡ್ಡಿಯೂ ಎದುರಿಗೇ ಇದ್ದೆವು. ನಾವು ಅವನ ತುಟಿ ಓದಿದೆವು. ಕಡ್ಡಿ ಹಿಂದಕ್ಕೆ ತಿರುಗಿ ಒಂದೊಂದು ಸಾಲೂ ಕೂಗಿ ಹಾಡಿದಳು. ಎಂತಹ ದನಿ ಅವಳದು — ಶೆಡ್ಡಿನಲ್ಲಿ ಎಂಟನೇ ಸಾಲಿಗೆ ಕೇಳುತ್ತಿದ್ದ ಒಂದೇ ದನಿ. ಸಾವಿರ ಜನ ಅವಳ ಬಾಯಿಂದ ಆ ಹಾಡು ಕಲಿತರು. ಗೊಗ್ಗರ ನೋಡಿ ನಕ್ಕ. ಅವಳಿಗಾಗಿ ಪ್ರತಿ ಸಾಲಿನ ಕೊನೆಗೂ ನಿಂತು ನಿಂತು ಹಾಡಿದ.

ಅಂದಿನಿಂದ ಅವನ ಕ್ಯಾಸೆಟ್ಟು ಒಂದೂ ಬಿಟ್ಟಿಲ್ಲ. ಕಿವಿ ಕೇಳದವರಿಗೆ ಕ್ಯಾಸೆಟ್ಟು ಯಾಕೆ ಎಂದು ನನ್ನ ಗಂಡ ನಗುತ್ತಿದ್ದ. ಟೇಪಿನ ಪೆಟ್ಟಿಗೆಯನ್ನು ಹಲಗೆಯ ಮೇಲಿಟ್ಟು ಆ ಹಲಗೆಯ ಮೇಲೆ ನಾವಿಬ್ಬರೂ ಕೂರುತ್ತಿದ್ದೆವು. ಮೂಳೆಯಿಂದ ಕೇಳಿದೆವು.

ಸೆಪ್ಟೆಂಬರ್ 20

ಕಡ್ಡಿಗೆ ಹೇಳಿದೆ. ಅವಳ ಮುಖ ನೋಡಬೇಕಿತ್ತು.

ಎರಡು ವರ್ಷದ ಹಿಂದೆ ಗೊಗ್ಗರನಿಗೂ ಗಂಟಲು ಕೊಯ್ದರು. ಪೇಪರಿನಲ್ಲಿ ಬಂದಿತ್ತು. ಇನ್ನು ಹಾಡುವುದಿಲ್ಲ ಎಂದು ಬರೆದಿದ್ದರು. ಈಗ ಹಾಡಲು ಬರುತ್ತಿದ್ದಾನೆ.

ಕಡ್ಡಿ ನನ್ನ ಕೈ ಹಿಡಿದು ಹತ್ತಿರಕ್ಕೆ ಎಳೆದಳು. "ಮೆಣಸು, ನೀನು ಹೋಗು." ನನ್ನ ಬಾಯಿಗೆ ಅವಳು ಇಟ್ಟ ಹೆಸರು ಮೆಣಸು. "ಹೋಗಿ ನೋಡು. ಅವನು ಹಾಡಿದ್ರೆ ನಾನು ಆಪರೇಷನ್‌ಗೆ ಸಹಿ ಹಾಕ್ತೀನಿ. ಹಾಡದೇ ಇದ್ರೆ ನನ್ನ ಪಾಡಿಗೆ ನನ್ನ ಬಿಟ್ಬಿಡಿ ಎಲ್ರೂ."

"ಅವನ ಗಂಟಲಿಗೂ ನಿನ್ನ ಗಂಟಲಿಗೂ ಏನೇ ಸಂಬಂಧ? ಅವನ ದನಿಪೆಟ್ಟಿಗೆ ಹಾಗೇ ಇದೆ. ನಿನ್ನದು ತೆಗೆದಾಗಿದೆ."

"ಗೊತ್ತು. ದನಿ ಬರುತ್ತೆ ಅಂತ ಅಲ್ಲ ಕಣೆ. ಕೊಯ್ಸಿಕೊಂಡವನು ಎದ್ದು ನಿಂತಿದ್ದಾನಾ ಅಂತ. ಅಷ್ಟು ನೋಡ್ಬೇಕು ನನಗೆ."

"ಟಿವಿಯಲ್ಲಿ ತೋರಿಸ್ತಾರೆ."

"ಟಿವಿ ಸುಳ್ಳು ಹೇಳುತ್ತೆ. ನೀನು ಹೇಳಲ್ಲ."

ಟೀಚರು ಬಾಗಿಲ ಬಳಿ ನಿಂತು ನಮ್ಮಿಬ್ಬರ ಬಾಯಿ ನೋಡುತ್ತಿದ್ದಳು. ಒಂದು ಅಕ್ಷರವೂ ತಿಳಿದಿರಲಿಕ್ಕಿಲ್ಲ. ಹೊರಗೆ ಬಂದು ಹೇಳಿದೆ — ಗೊಗ್ಗರ ಹಾಡಿದರೆ ಒಪ್ಪುತ್ತಾಳಂತೆ ಎಂದು. ಅವಳು ನಗುವುದೋ ಅಳುವುದೋ ತಿಳಿಯದೆ ಗೋಡೆಗೆ ಒರಗಿದಳು.

ಅಕ್ಟೋಬರ್ 2

ಮನೆಯಲ್ಲಿ ಗಲಾಟೆ. ಎಪ್ಪತ್ಮೂರು ವರ್ಷದ ಅತ್ತೆ ರಾಕ್ ಶೋಗೆ ಹೋಗುವುದು ಸೊಸೆಗೆ ಮರ್ಯಾದೆಯ ಪ್ರಶ್ನೆಯಂತೆ.

"ಕಿವಿ ಕೇಳಲ್ಲ, ಮೊಣಕಾಲು ಬಗ್ಗಲ್ಲ. ಅಲ್ಲಿ ತಳ್ಳಾಟದಲ್ಲಿ ಬಿದ್ರೆ ಯಾರು ನೋಡ್ತಾರೆ ಅತ್ತೆ?"

"ಬಿದ್ರೆ ಅಲ್ಲೇ ಬಿಟ್ಟು ಬರ್ಲಿ. ನಿನಗೊಂದು ಕೋಣೆ ಖಾಲಿ ಆಗುತ್ತೆ."

ಕಳ್ಳಬೆಕ್ಕು ನಕ್ಕಳು, ತಾಯಿಯಿಂದ ಪೆಟ್ಟು ತಿಂದಳು. ಟಿಕೆಟ್ಟು ಅವಳೇ ಫೋನಿನಲ್ಲಿ ತೆಗೆದಿದ್ದಾಳೆ. ಎರಡು. ಮುಂದಿನ ಸಾಲು, ದೊಡ್ಡ ಪರದೆಯ ಎದುರಿಗೆ. ನಾನು ಕೇಳಿದ್ದು ಅಷ್ಟೇ. ಅವನ ಬಾಯಿ ಕಾಣಬೇಕು.

ಎಳೆ ಕಡಿದದ್ದು: ಮೂರು.

ಅಕ್ಟೋಬರ್ 9

ಕಡ್ಡಿಗೆ ಜ್ವರ. ಡಾಕ್ಟರು ಇನ್ನು ಕಾಯುವಂತಿಲ್ಲ ಎಂದಿದ್ದಾರೆ. ಈ ವಾರದೊಳಗೆ ಹೂಂ ಅಥವಾ ಊಹೂಂ.

ಭಾನುವಾರ ಶೋ. ಸೋಮವಾರ ಬೆಳಿಗ್ಗೆ ಬಂದು ಹೇಳುತ್ತೇನೆ ಎಂದೆ. ಕನ್ನಡಕವೂ ಸೋಮವಾರವೇ ಸಿದ್ಧವಂತೆ. ಕಳ್ಳಬೆಕ್ಕು ಅಂಗಡಿ ತೆಗೆಯುವ ಮೊದಲೇ ಹೋಗಿ ಕೊಡುತ್ತಾಳೆ.

"ಒಳ್ಳೇದಾಯ್ತು," ಎಂದಳು ಕಡ್ಡಿ. "ನಿನ್ನ ಬಾಯಿ ಸರಿಯಾಗಿ ಕಾಣುತ್ತೆ. ಈಗ ಕಾಣೋದು ಬರೀ ಒಂದು ಗುಹೆ."

ಅಕ್ಟೋಬರ್ 12, ಬೆಳಿಗ್ಗೆ 10

ಕೂದಲಿಗೆ ಎಣ್ಣೆ ಹಚ್ಚಿಕೊಂಡೆ. ಮಿಲ್ಲಿನ ಕರಿ ಬೂಟು ತೆಗೆದು ಒರೆಸಿದೆ. ಸೊಸೆ ನೋಡಿ ಏನೋ ಗೊಣಗಿದಳು, ಕನ್ನಡಿಯಲ್ಲಿ ಓದಿದೆ. ಇವತ್ತು ಬೈಯುವ ಮನಸ್ಸಿಲ್ಲ.

ಮೂವತ್ತೈದು ವರ್ಷ ಆಯಿತು ಅವನನ್ನು ಕಣ್ಣಾರೆ ನೋಡಿ.

ಅಕ್ಟೋಬರ್ 12, ಸಂಜೆ 7 ಮುಕ್ಕಾಲು

ಬಂದೆವು. ಮುಖ ತೊಳೆದೆ. ಬರೆಯಲೋ ಬೇಡವೋ... ಬರೆಯುತ್ತೇನೆ. ಬರೆದು ಪುಸ್ತಕವನ್ನು ಟ್ರಂಕಿಗೆ ಹಾಕಿ ಬೀಗ ಜಡಿಯುತ್ತೇನೆ. ಕಳ್ಳಬೆಕ್ಕು ಓದಬಾರದು.

ನಾಲ್ಕು ಗಂಟೆಗೆ ಶುರು. ಬಿಸಿಲಿತ್ತು, ಪ್ಲಾಸ್ಟಿಕ್ಕಿನ ಸೀಟು ಕಾದಿತ್ತು. ಬಾಗಿಲಲ್ಲಿ ಒಬ್ಬ ಹೆಂಗಸು ಎಲ್ಲರಿಗೂ ಕಿವಿಗೆ ತುರುಕುವ ರಬ್ಬರು ಹಂಚುತ್ತಿದ್ದಳು. ನನಗೂ ಕೊಡಲು ಬಂದಳು. "ಮಿಲ್ಲಿನವರು ಆಗಲೇ ಹಾಕಿ ಕಳ್ಸಿದ್ದಾರೆ," ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಹುಡುಗ ಹುಡುಗಿಯರು ನನ್ನ ಜೊತೆ ಫೋಟೋ ತೆಗೆಸಿಕೊಂಡರು. ನಗು ಬಂತು. ಅಲ್ಲಿಯ ತನಕ ಎಲ್ಲವೂ ಚೆನ್ನಾಗಿತ್ತು.

ಡ್ರಮ್ಮು ಶುರುವಾಯಿತು. ನೆಲದಿಂದ ಬೂಟಿಗೆ, ಬೂಟಿನಿಂದ ಮೊಣಕಾಲಿಗೆ, ಎದೆಗೂಡಿಗೆ. ಶೆಡ್ಡಿನ ನೆಲ ಹೀಗೆಯೇ ನಡುಗುತ್ತಿತ್ತು. ಕಣ್ಣು ಮುಚ್ಚಿದರೆ ಪಕ್ಕದ ಮಗ್ಗದಲ್ಲಿ ಕಡ್ಡಿ. ಕಣ್ಣು ಮುಚ್ಚಲು ನಾನು ಬಂದದ್ದಲ್ಲ. ತೆರೆದೆ.

ಗೊಗ್ಗರ ಬಂದ. ತಲೆ ಬೋಳು. ಕೊರಳಿಗೆ ಕೆಂಪು ವಸ್ತ್ರ, ಯಾಕೆ ಎಂದು ನನಗೆ ಗೊತ್ತು. ಪರದೆಯ ಮೇಲೆ ಅವನ ಮುಖ ಮನೆಯಷ್ಟು ದೊಡ್ಡದು. ಮೊದಲ ಹಾಡು ಹಾಡಿದ. ತುಟಿ ಒಂದೊಂದು ಅಕ್ಷರಕ್ಕೂ ಸರಿಯಾಗಿ ಕೂತಿತು. ಕೊರಳಿನ ನರ ಹಗ್ಗದ ಹಾಗೆ ಎದ್ದಿತ್ತು. ಕಳ್ಳಬೆಕ್ಕಿನ ಮುಖ ನನ್ನ ಕಡೆ ತಿರುಗಿಸಿ ಕೇಳಿದೆ.

"ಹೇಗಿದೆ ದನಿ?"

"ಒಡೆದು ಹೋಗಿದೆ ಅಜ್ಜಿ. ಪಾಪ. ಉಸಿರು ಸಾಲ್ತಿಲ್ಲ."

ಇರಲಿ ಎಂದುಕೊಂಡೆ. ಒಡೆದಿದ್ದರೂ ಅವನದೇ. ಕಡ್ಡಿಗೆ ಅಷ್ಟು ಸಾಕು.

ಎರಡನೇ ಹಾಡು. ಕಳ್ಳಬೆಕ್ಕು ತಾನಾಗಿಯೇ ತಿರುಗಿದಳು. "ಈಗ ಸೂಪರ್ ಅಜ್ಜಿ. ಕ್ಯಾಸೆಟ್‌ನಲ್ಲಿ ಇದ್ದ ಹಾಗೇ ಇದೆ."

ನಾನು ಪರದೆ ನೋಡಿದೆ. ಹಾಡು ನನಗೆ ಬಾಯಿಪಾಠ. ಸುತ್ತಲಿನ ಸಾವಿರ ಸಾವಿರ ಬಾಯಿಗಳು ಆ ಹಾಡಿನ ಮೇಲೆಯೇ ಇದ್ದವು. ಒಂದು ಬಾಯಿ ಮಾತ್ರ ಇರಲಿಲ್ಲ. ಅವನದು. ಮೊದಲು ಒಂದು ಅಕ್ಷರ ಹಿಂದೆ ಬಿದ್ದ. ಆಮೇಲೆ ಒಂದು ಸಾಲು. ಆಮೇಲೆ ಬರಿದೇ ಬಾಯಿ ತೆರೆದು ಮುಚ್ಚಿದ, ನೀರಿನಿಂದ ತೆಗೆದ ಮೀನಿನ ಹಾಗೆ.

ಐದೂವರೆಯ ಮೇಲೆ ನಮ್ಮ ಹಾಡು ಬಂತು. ಜನ ಎದ್ದು ನಿಂತರು. ಪಕ್ಕದಲ್ಲಿ ಕಳ್ಳಬೆಕ್ಕು ಫೋನನ್ನು ಎತ್ತಿ ಪರದೆಯ ಕಡೆ ಹಿಡಿದಿದ್ದಳು, ಕಣ್ಣಲ್ಲಿ ನೀರು. ಬೀಗ ನಿಮ್ಮದು ಎಂದು ಐವತ್ತು ಸಾವಿರ ತುಟಿ. ಗೊಗ್ಗರ ಪಕ್ಕಕ್ಕೆ ವಾಲಿ ಡ್ರಮ್ಮಿನವನನ್ನು ನೋಡಿದ. ಮೈಕು ಬಾಯಿಯ ಕೆಳಗೇ ಇತ್ತು. ಪರದೆಯಲ್ಲಿ ಇಬ್ಬರ ಮುಖವೂ ಇತ್ತು.

"ಇನ್ನೆಷ್ಟಿದೆ?" ಎಂದ ಗೊಗ್ಗರ.

"ಮೂರು."

"ನನ್ನಿಂದ ಆಗಲ್ಲ ಕಣೋ."

"ಬಾಯಿ ಆಡಿಸು ಸಾಕು."

ಜನ ಕುಣಿಯುತ್ತಿದ್ದರು.

ಸಿಟ್ಟು ಬಂತು ಎಂದು ಬರೆದರೆ ಸುಳ್ಳು. ಮೊದಲು ಬಂತು, ಆಮೇಲೆ ಹೋಯಿತು. ಕರೆಂಟು ಕಿತ್ತರೂ ಹಾಡಿದವನು ಅವನು. ಈಗ ಹಳೆಯ ಟೇಪು ಓಡುತ್ತಿದೆ, ಕರೆಂಟು ಅವನನ್ನು ಹಾಡಿಸುತ್ತಿದೆ. ಆ ಕಣ್ಣು ನೋಡಿದೆ. ಮೂರನೇ ಶಿಫ್ಟಿನ ಕೊನೆಯಲ್ಲಿ ನಮ್ಮ ಹೆಂಗಸರಿಗೆ ಇರುತ್ತಿದ್ದ ಕಣ್ಣು.

"ಚೆನ್ನಾಗಿತ್ತಾ ಅಜ್ಜಿ?" ಎಂದು ಬಸ್ಸಿನಲ್ಲಿ ಮೂರು ಸಲ ಕೇಳಿದಳು. ತಲೆಯಾಡಿಸಿದೆ.

ನಾಳೆ ಹತ್ತು ಗಂಟೆಗೆ ಕಡ್ಡಿಗೆ ಏನು ಹೇಳಲಿ.

ಅಕ್ಟೋಬರ್ 13

ಹೇಳಿದೆ.

ಬಸ್ಸಿನಲ್ಲಿ ಹೋಗುವಾಗ ನಿಜವನ್ನೇ ಹೇಳುವುದೆಂದು ಹೊರಟೆ. ಮೆಟ್ಟಿಲು ಹತ್ತುವಾಗ ಟೀಚರು ಎದುರಾದಳು. ಶಾಲೆಗೆ ರಜೆ ಹಾಕಿ ಬಂದಿದ್ದಳು, ಕೈಯಲ್ಲಿ ಸಹಿ ಹಾಕುವ ಕಾಗದ, ಬೆವರಿಗೆ ಮೆತ್ತಗಾಗಿತ್ತು. ನಾನು ಒಳಗೆ ಹೋದೆ.

ಕಡ್ಡಿ ದಿಂಬಿಗೆ ಒರಗಿ ಕೂತಿದ್ದಳು. ಹೊಸ ಕನ್ನಡಕ. ದಪ್ಪ ಗಾಜಿನ ಹಿಂದೆ ಕಣ್ಣು ದೊಡ್ಡದಾಗಿ, ಗೂಬೆಯ ಹಾಗೆ. ಕಳ್ಳಬೆಕ್ಕು ಎಂಟಕ್ಕೇ ಬಂದು ಕೊಟ್ಟು ಹೋಗಿದ್ದಳು.

"ಕೂತ್ಕೋ," ಎಂದಳು. "ದೂರ ಕೂತ್ಕೋ. ಈಗ ಎಲ್ಲ ಕಾಣುತ್ತೆ."

ಕೂತೆ.

"ಹಾಡಿದ್ನಾ?"

"ಹಾಡಿದ."

"ನಮ್ಮ ಹಾಡು?"

"ಅದೂ ಹಾಡಿದ."

"ತುಟಿ ನೋಡಿದ್ಯಾ?"

"ನೋಡಿದೆ. ಅಕ್ಷರ ಅಕ್ಷರ. ನಿನಗಾಗಿ ನಿಂತು ನಿಂತು ಹಾಡಿದ ಹಾಗಿತ್ತು."

ಕಡೆಯ ಮಾತು ಯಾಕೆ ಸೇರಿಸಿದೆನೋ. ಬೇಕಿರಲಿಲ್ಲ.

ಕಡ್ಡಿ ನನ್ನ ಬಾಯನ್ನೇ ನೋಡುತ್ತಾ ಇದ್ದಳು. ಬಹಳ ಹೊತ್ತು. ಮಿಲ್ಲಿನಲ್ಲಿ ಬಟ್ಟೆಯಲ್ಲಿ ಬಿಟ್ಟುಹೋದ ಎಳೆ ಹುಡುಕುವಾಗ ಹೀಗೆ ನೋಡುತ್ತಿದ್ದಳು. ಆಮೇಲೆ ಕನ್ನಡಕ ತೆಗೆದು ಮಡಚಿ ದಿಂಬಿನ ಪಕ್ಕದಲ್ಲಿಟ್ಟಳು.

"ನಾನು ಹೋದ್ರೆ ನಿನ್ನ ಬೈಗುಳ ಯಾರೇ ಕೇಳ್ತಾರೆ," ಎಂದಳು. "ಮಿಲ್ಲಿನವರು ಇನ್ಯಾರೂ ಉಳಿದಿಲ್ಲ. ಕರಿ ಅವಳನ್ನ. ಸಹಿ ಹಾಕ್ತೀನಿ."

ಟೀಚರು ನನ್ನ ಕೈ ಹಿಡಿದು ಅತ್ತಳು. ನನಗೆ ಇನ್ನೊಂದು ಕೈ ಎಲ್ಲಿಡುವುದೋ ತಿಳಿಯಲಿಲ್ಲ.

ಇಷ್ಟು ವರ್ಷದಲ್ಲಿ ಅವಳಿಗೆ ಹೇಳಿದ ಮೊದಲ ಸುಳ್ಳು. ಬದುಕಲಿ ಎಂದು ಹೇಳಿದೆ. ಯಾರ ಸಲುವಾಗಿ ಬದುಕಲಿ ಎಂದು... ಅದನ್ನು ಇವತ್ತು ಬರೆಯುವುದಿಲ್ಲ.

ಅಕ್ಟೋಬರ್ 16

ಬೆಳಿಗ್ಗೆ ಏಳಕ್ಕೆ ಒಳಗೆ ಕರೆದುಕೊಂಡು ಹೋದರು. ತಳ್ಳುಗಾಡಿಯ ಮೇಲಿಂದ ಕಡ್ಡಿ ತಲೆ ಎತ್ತಿ ನನ್ನನ್ನು ಹುಡುಕಿದಳು. ಕನ್ನಡಕ ಇರಲಿಲ್ಲ, ತೆಗೆಸಿದ್ದರು. ನಾನು ಕೈ ಎತ್ತಿದೆ. ಕಂಡಿತೋ ಇಲ್ಲವೋ. ತುಟಿ ಏನೋ ಹೇಳಿತು. ಗಾಡಿ ತಿರುಗಿತು, ಅರ್ಧ ಮಾತ್ರ ಸಿಕ್ಕಿತು. "ಹಾಡು" ಎಂದೋ, "ಹೋಗು" ಎಂದೋ.

ಮೂರು ಗಂಟೆಗೆ ಡಾಕ್ಟರು ಹೊರಗೆ ಬಂದರು. ಮಾಸ್ಕು ಹಾಕಿಕೊಂಡೇ ಮಾತಾಡಿದರು. ಒಂದು ಅಕ್ಷರವೂ ತಿಳಿಯಲಿಲ್ಲ. ತೆಗೀರಿ ಅದನ್ನ, ಎಂದೆ. ತೆಗೆದರು. ಆಪರೇಷನ್ ಆಗಿದೆ, ರಕ್ತ ನಿಲ್ಲುತ್ತಿಲ್ಲ.

ಅಕ್ಟೋಬರ್ 17

ನಿಂತಿಲ್ಲ.

ಅಕ್ಟೋಬರ್ 19

ಕಡ್ಡಿ ಹೋದಳು. ಬೆಳಿಗ್ಗೆ ಆರೂ ಇಪ್ಪತ್ತು.

ಎಳೆ ಕಡಿದದ್ದು:

ನವೆಂಬರ್ 8

ಇಪ್ಪತ್ತು ದಿನ ಬರೆಯಲಿಲ್ಲ. ಏನು ಬರೆಯುವುದು. ಎದ್ದೆ, ತಿಂದೆ, ಮಲಗಿದೆ.

ಸೊಸೆ ಈಗ ಮುಖ ಎದುರಿಗಿಟ್ಟುಕೊಂಡು ಮಾತಾಡುತ್ತಾಳೆ. ಬಚ್ಚಲಿನ ಬಕೆಟ್ಟು ಬದಲಾಯಿಸಿದಳು, ಎತ್ತರದ್ದು, ಬಗ್ಗಬೇಕಿಲ್ಲ. ಕರುಣೆ ಬಂದಿದೆ ಅವಳಿಗೆ. ಕರುಣೆಗಿಂತ ಜಗಳ ವಾಸಿ.

ಮೊಮ್ಮಗಳು ಟೇಪಿನ ಪೆಟ್ಟಿಗೆ ತಂದು ಹಲಗೆಯ ಮೇಲಿಟ್ಟಳು. ಹಾಕಬೇಡ ಎಂದೆ.

ನವೆಂಬರ್ 21

ಟೀಚರು ಬಂದಿದ್ದಳು. ಆಸ್ಪತ್ರೆಯಿಂದ ತಂದ ಚೀಲವನ್ನು ಇವತ್ತು ಬಿಚ್ಚಿದಳಂತೆ. ನನಗೆ ಕನ್ನಡಕ ತಂದುಕೊಟ್ಟಳು, ಆ ಗೂಬೆ ಕನ್ನಡಕ. ಸ್ಲೇಟು ತಾನೇ ಇಟ್ಟುಕೊಳ್ಳುತ್ತಾಳೆ.

ಕುರ್ಚಿಯನ್ನು ಎಳೆದು ನನ್ನ ಎದುರಿಗೆ ಕೂತಳು. ನಿಧಾನವಾಗಿ ಮಾತಾಡಿದಳು, ಮಕ್ಕಳಿಗೆ ಪಾಠ ಹೇಳುವ ಹಾಗೆ.

"ಚಿಕ್ಕಮ್ಮ, ನಿಮ್ಮ ಮೇಲೆ ತಪ್ಪು ಹೊರಿಸೋಕೆ ಬಂದಿಲ್ಲ. ಅವ್ವ ಒಂದು ತಿಂಗಳು ಬೇಡ ಬೇಡ ಅಂದ್ಲು. ನೀವು ಬಂದು ಹೋದ್ಮೇಲೆ ಹೂಂ ಅಂದ್ಲು. ಆಪರೇಷನ್ ಮಾಡಿಸದೇ ಇದ್ದಿದ್ರೆ ಈಗ ಆ ಮಂಚದ ಮೇಲೆ ಕೂತಿರ್ತಿದ್ಲು. ಅದನ್ನೇ ಯೋಚನೆ ಮಾಡ್ತೀನಿ. ಅವನು ನಿಜವಾಗ್ಲೂ ಹಾಡಿದ್ನಾ?"

ಆ ಕನ್ನಡಕವನ್ನು ಸೆರಗಿನಿಂದ ಒರೆಸುತ್ತಾ ಕೂತೆ.

ಅವಳು ಚೀಲದಿಂದ ಕಡ್ಡಿಯ ಫೋನು ತೆಗೆದಳು. "ಇದನ್ನ ನೋಡಿದೆ. ನನಗೆ ಕೇಳೋಕೆ ಚೆನ್ನಾಗೇ ಇದೆ. ಆದ್ರೆ ನನಗೆ ತುಟಿ ಓದೋಕೆ ಬರಲ್ಲ."

ಫೋನಿನಲ್ಲಿ ವೀಡಿಯೊ. ಗೊಗ್ಗರನ ಮುಖ, ಪರದೆ ತುಂಬ. ಬೀಗ ನಿಮ್ಮದು, ಬಾಗಿಲು ನಮ್ಮದು. ಕಳಿಸಿದ್ದು ಭಾನುವಾರ ಸಂಜೆ ಐದೂ ನಲವತ್ತೊಂದಕ್ಕೆ. ಕಳಿಸಿದವಳು ನನ್ನ ಮೊಮ್ಮಗಳು. ಅದರ ಕೆಳಗೆ ಕಡ್ಡಿ ಒಂದು ಹೆಬ್ಬೆಟ್ಟಿನ ಚಿತ್ರ ಒತ್ತಿದ್ದಾಳೆ, ಆರೂ ಐದಕ್ಕೆ.

ಇನ್ನೆಷ್ಟಿದೆ. ಮೂರು. ನನ್ನಿಂದ ಆಗಲ್ಲ ಕಣೋ. ಬಾಯಿ ಆಡಿಸು ಸಾಕು.

ಎಲ್ಲವೂ ಇದೆ. ಅಂಗೈಯಷ್ಟು ಗಾಜಿನಲ್ಲಿ.

"ಒಂದನೇ ತಾರೀಖು ಮತ್ತೆ ಬರ್ತೀನಿ," ಎಂದಳು ಟೀಚರು ಎದ್ದು. "ಈಗ ಹೇಳ್ಬೇಡಿ. ಯೋಚನೆ ಮಾಡಿ ಹೇಳಿ. ಆದ್ರೆ ಹೇಳಿ."

ನವೆಂಬರ್ 23

ಪುಸ್ತಕವನ್ನು ಟ್ರಂಕಿನಿಂದ ತೆಗೆದು ಮತ್ತೆ ಹಾಸಿಗೆಯ ಅಡಿಗೆ ಇಡುತ್ತಿದ್ದೇನೆ. ಓದು, ಕಳ್ಳಬೆಕ್ಕೆ. ಇವತ್ತು ನಿನಗಾಗಿಯೇ ಬರೆಯುತ್ತಿದ್ದೇನೆ. ಅಕ್ಟೋಬರ್ ಹನ್ನೆರಡರಿಂದ ಓದು. ಓದಿ ಅಳಬೇಡ, ಅಕ್ಷರ ಕಲಸಿಹೋಗುತ್ತದೆ.

ನೀನು ವೀಡಿಯೊ ಕಳಿಸಿದ್ದು ಅವಳಿಗೆ ಸಂತೋಷವಾಗಲಿ ಎಂದು. ಗೊತ್ತು ನನಗೆ. ಕಿವಿ ಇರುವವರಿಗೆ ಅದು ಹಾಡು. ನಮ್ಮಂತಹವರಿಗೆ ಅದು ಬೇರೆ. ನಿನಗೆ ಹೇಗೆ ತೋಚಬೇಕು. ನಾನಾದರೂ ಬಸ್ಸಿನಲ್ಲಿ ನಿನಗೆ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ನಿನ್ನ ತಪ್ಪಲ್ಲ. ಇದನ್ನು ಎರಡು ಸಲ ಓದು.

ಭಾನುವಾರ ಸಂಜೆ ಅವಳ ಹತ್ತಿರ ಕನ್ನಡಕ ಇರಲಿಲ್ಲ. ಅಷ್ಟು ಸಣ್ಣ ಗಾಜಿನಲ್ಲಿ ಬಣ್ಣ ಬಿಟ್ಟು ಬೇರೇನೂ ಕಂಡಿರುವುದಿಲ್ಲ. ಹೆಬ್ಬೆಟ್ಟು ಒತ್ತಿದ್ದು ನಿನ್ನ ಮರ್ಯಾದೆಗೆ.

ಸೋಮವಾರ ಎಂಟಕ್ಕೆ ನೀನು ಕನ್ನಡಕ ಕೊಟ್ಟೆ. ಹತ್ತಕ್ಕೆ ನಾನು ಹೋದೆ. ನಡುವೆ ಎರಡು ಗಂಟೆ. ನೀನು ಅಲ್ಲಿ ಎಷ್ಟು ಹೊತ್ತು ಇದ್ದೆ? ಕನ್ನಡಕ ಹಾಕಿಕೊಂಡ ಮೇಲೆ ಅವಳು ಫೋನು ತೆಗೆದಳೇ? ನೀನೇ ತೆಗೆದು ತೋರಿಸಿದೆಯಾ? ನೋಡಿದ ಮೇಲೆ ಅವಳ ಮುಖ ಹೇಗಿತ್ತು? ತುಟಿ ಆಡಿದ್ದರೆ ಹೇಗೆ ಆಡಿತು? ತುಟಿಯಲ್ಲಿ ಓದಲು ಹತ್ತು ಮಾತು ನಾನು ನಿನಗೆ ಕಲಿಸಿದ್ದೇನೆ. ಬೇಡ, ಹೂಂ, ನೀರು, ನೋವು, ಸುಳ್ಳು... ಅದರಲ್ಲಿ ಯಾವುದಾದರೂ ಇತ್ತೇ?

ಅವಳು ನೋಡಿರದಿದ್ದರೆ, ನಾನು ಸುಳ್ಳು ಹೇಳಿ ಅವಳನ್ನು ಆ ಟೇಬಲ್ಲಿಗೆ ಕಳಿಸಿದೆ. ಅದನ್ನು ಹೊರುತ್ತೇನೆ. ಹೊರಲು ಬೆನ್ನಿದೆ.

ನೋಡಿದ್ದರೆ... ಗೊಗ್ಗರ ಸೋತುಹೋದದ್ದನ್ನು ಅವಳು ನೋಡಿದಳು. ಆಮೇಲೆ ನನ್ನನ್ನು ದೂರ ಕೂರಿಸಿ ನನ್ನ ಬಾಯಿ ನೋಡಿದಳು. ನಾನು ಸುಳ್ಳು ಹೇಳುವುದನ್ನು ಅಕ್ಷರ ಅಕ್ಷರವಾಗಿ ಓದಿದಳು. ಓದಿ, ಕನ್ನಡಕ ಮಡಚಿಟ್ಟು, ಸಹಿ ಹಾಕಿದಳು. ನಾನು ಒಬ್ಬಳೇ ಆಗುತ್ತೇನೆ ಎಂದು. ಹಾಗಿದ್ದರೆ ಅದನ್ನು ಹೇಗೆ ಹೊರುವುದು, ನನಗೆ ತಿಳಿಯದು.

ಟೀಚರಿಗೆ ಎರಡರಲ್ಲಿ ಒಂದು ಹೇಳಬೇಕು. ಇನ್ನೊಂದು ಸಲ ಸುಳ್ಳು ಹೇಳುವುದಿಲ್ಲ.

ಎದುರಿಗೆ ನಿಂತು ಹೇಳಲು ಬರಬೇಡ. ನನ್ನ ನೋವು ನೋಡಿ ನೀನು ಮಾತು ಬದಲಾಯಿಸುತ್ತೀಯ, ನಾನು ನಿನ್ನ ತುಟಿಯಲ್ಲಿ ಅದನ್ನು ಹಿಡಿಯುತ್ತೇನೆ. ಇನ್ನೊಂದು ತುಟಿಯಲ್ಲಿ ಅದನ್ನು ನೋಡಲಾರೆ. ಬರೆ. ಪೆನ್ಸಿಲ್ಲಿನಲ್ಲಾದರೂ ಸರಿ, ಒಂದೇ ಸಾಲಾದರೂ ಸರಿ. ಮುಂದಿನ ತಿಂಗಳು ಹುಟ್ಟುವ ಮೊದಲೇ ಬರೆ, ಒಂದನೇ ತಾರೀಖು ಅವಳು ಬಾಗಿಲಿಗೆ ಬರುವಷ್ಟರಲ್ಲಿ ನನಗೆ ಗೊತ್ತಿರಬೇಕು. ಕೈ ತೊಳೆದುಕೊಂಡು ಬರೆ. ಇದರ ಕೆಳಗೆ ಜಾಗ ಬಿಟ್ಟಿದ್ದೇನೆ. ಅರ್ಧ ಸಾಲು ನಾನು ಬರೆದಿದ್ದೇನೆ, ಉಳಿದದ್ದನ್ನು ನೀನು ಮುಗಿಸು. ಅವಳು ನೋಡಿ —